ಅಕ್ಕನ ಮೂಗು ಮತ್ತು ಹಾಸನದ ಮೇಳ

ಹಾಲು ಕೆಟ್ಟಿದೆಯೇ, ತುಪ್ಪ ಹದಕ್ಕೆ ಬಂದಿದೆಯೇ, ಉಪ್ಪಿನಕಾಯಿ ಬೂಸ್ಟು ಹಿಡಿಯುವ ಹಾದಿಯಲ್ಲಿದೆಯೇ ಎಂದು ನಮ್ಮ ತವರಿನಲ್ಲಿ ತೀರ್ಮಾನ ಕೊಡುತ್ತಿದ್ದದ್ದು ನನ್ನ ಅಕ್ಕನ ಮೂಗು. ಅವಳು ಮೂಸಿ ‘ಊಹೂಂ’ ಎಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಅವ್ವ ಕೂಡ ಸಾರಿನ ಮುಚ್ಚಳ ತೆಗೆದು ಅವಳನ್ನೇ ಕೂಗುತ್ತಿದ್ದಳು. ಮದುವೆಯಾಗಿ ಹೊಳೆನರಸೀಪುರಕ್ಕೆ ಹೋದಳು, ಅಲ್ಲಿಯೂ ಅದೇ ದರ್ಬಾರು ನಡೆಯಿತು.

ಹೋದ ವರ್ಷ ಅವಳಿಗೊಂದು ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಜೊತೆಗೆ ವಾಸನೆಯೂ ಬಿಟ್ಟುಹೋಯಿತು. ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಇಷ್ಟು ಹೇಳಲು ಡಾಕ್ಟರೇ ಬೇಕಿತ್ತೇ ಎಂದು ನನಗೆ ಸಿಟ್ಟು ಬಂತು. ಅಕ್ಕ ಅಡುಗೆಮನೆಯನ್ನು ಸೊಸೆಗೆ ಒಪ್ಪಿಸಿ ಟೀವಿ ಮುಂದೆ ಕೂತುಬಿಟ್ಟಳು. ಫೋನಿನಲ್ಲಿ “ಏನಕ್ಕ, ಊಟ ಎಂಗಿತ್ತು?” ಎಂದು ಕೇಳಿದರೆ, “ಬಿಸಿಯಾಗಿತ್ತು” ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಹೀಗಿರುವಾಗ ಹಾಸನದಲ್ಲಿ ಕರಕುಶಲ ಮೇಳ ಹಾಕಿದರು. ಅವರೇಕಾಯಿಯ ಕಾಲವೂ ಅದೇ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಾವಿಬ್ಬರೂ ಸುತ್ತಾಡುವುದು ಕೊಂಚ ಹೆಚ್ಚೇ ಆಗಿತ್ತು. ಜ್ವರ ಬಂದು ಹೋದಮೇಲೆ ಅದೂ ನಿಂತಿತ್ತು. ನಾನು ಚನ್ನರಾಯಪಟ್ಟಣದಿಂದ ಬರುತ್ತೇನೆ, ನೀನು ಆ ಕಡೆಯಿಂದ ಬಾ, ಮೇಳ ನೋಡಿ ಅವರೇಕಾಯಿ ಕೊಂಡು ನಿಮ್ಮ ಮನೆಗೇ ಹೋಗೋಣ ಎಂದೆ. ನನ್ನ ತಲೆಯಲ್ಲಿದ್ದ ಲೆಕ್ಕಾಚಾರ ಬೇರೆ. ಅದನ್ನು ಹೇಳಲಿಲ್ಲ.

ಮೇಳದೊಳಗೆ ಹೋದವಳೇ ಸೀರೆ ಮಳಿಗೆಗಳನ್ನೆಲ್ಲ ದಾಟಿಸಿ ಅಕ್ಕನನ್ನು ಲಾವಂಚದ ಬೇರಿನಲ್ಲಿ ಚಾಪೆ, ಚೀಲ ಹೆಣೆದು ಮಾರುವವಳ ಮುಂದೆ ನಿಲ್ಲಿಸಿದೆ. ಆಕೆ ಒಂದು ಚೀಲದ ಮೇಲೆ ನೀರು ಚಿಮುಕಿಸಿ ಅಕ್ಕನ ಕೈಗಿಟ್ಟು, “ಮೂಸ್ ನೋಡ್ರಮ್ಮ” ಎಂದಳು. ಅಕ್ಕ “ಆಹಾ, ಚೆನ್ನಾಗೈತೆ” ಎಂದಳು. ಚೀಲ ಇನ್ನೂ ಅವಳ ಎದೆಯ ಹತ್ತಿರವೇ ಇತ್ತು, ಮೂಗಿಗೆ ಬಂದಿರಲಿಲ್ಲ. ಗಂಧದ ಕೆತ್ತನೆಯವನ ಹತ್ತಿರ ಕರೆದುಕೊಂಡು ಹೋದೆ. ಅಲ್ಲೂ ಒಂದು ‘ಆಹಾ’ ಬಂತು. ಅಗರಬತ್ತಿಯ ಮಳಿಗೆಯ ಕಡೆ ತಿರುಗಿದ್ದೇ ತಡ, ಅಕ್ಕ ನಿಂತುಬಿಟ್ಟಳು.

“ಲೇ, ನನ್ ಮೂಗ್ನ ಪರೀಕ್ಸೆ ಮಾಡಕ್ ಕರ್ಕಂಡ್ ಬಂದಿದ್ದೀಯ?”

“ಇಲ್ಲ ಕಣಕ್ಕ, ಸುಮ್ಕೆ...”

“ಸೀರೆ ಅಂಗ್ಡಿ ಮುಂದೆ ನಿಲ್ದೆ ಓಗೋಳಲ್ಲ ನೀನು. ಆಗ್ಲೇ ಗೊತ್ತಾಯ್ತು ಬುಡು.”

ವಾಸನೆ ಹೋದರೂ ಮೂಗಿನ ತುದಿಯ ಕೋಪ ಹೋಗಿರಲಿಲ್ಲ. ನಾನು ಅವಳನ್ನು ತಿಂಡಿ ಮಾರುವ ಕಡೆ ಕರೆದೊಯ್ದೆ. ಮೆಣಸಿನಕಾಯಿ ಬಜ್ಜಿ ತಿನ್ನುತ್ತ ಅವಳಾಗಿಯೇ ಹೇಳಿದಳು: “ಖಾರ ಒಂದು ಗೊತ್ತಾಯ್ತದೆ ಕಣೇ. ದಿನಾ ಬೆಳಿಗ್ಗೆ ಎದ್ದು ಕಾಪಿಪುಡಿ ಡಬ್ಬಕ್ಕೆ ಮೂಗಿಕ್ಕಿ ನೋಡ್ತೀನಿ. ಯಾರ್ಗೂ ಏಳಿಲ್ಲ. ಇನ್ ಬರಾಕಿಲ್ಲ ಅನ್ಸತ್ತೆ.” ನನ್ನ ಪಾಲಿನ ಬಜ್ಜಿಯನ್ನೂ ಅವಳ ತಟ್ಟೆಗೆ ಹಾಕಿದೆ.

ಹೇಳಿಕೊಂಡಿದ್ದರಿಂದಲೋ ಏನೋ, ಆಮೇಲೆ ಅವಳು ಹಗುರಾದಳು. ಮೊಮ್ಮಗಳಿಗೆ ಅರಗಿನ ಬಣ್ಣದ ಗಿಲಕಿ ಕೊಂಡಳು. ಕೊಳ್ಳುವ ಮುಂಚೆ ಮಳಿಗೆಯ ಗಿಲಕಿಗಳನ್ನೆಲ್ಲ ಅಲ್ಲಾಡಿಸಿ, ಮಲಗಿದ್ದ ಪಕ್ಕದ ಮಳಿಗೆಯವನನ್ನು ಎಬ್ಬಿಸಿದಳು. ನನಗೂ ಸೀರೆ ನೋಡಲು ಅಪ್ಪಣೆ ಸಿಕ್ಕಿತು. ಬಹಳ ದಿನಗಳ ಮೇಲೆ ಅವಳ ಜೊತೆ ಬಾಯಿ ತುಂಬ ನಕ್ಕೆ.

ಸಂಜೆಯ ಮೊದಲೇ ಕಟ್ಟಿನಕೆರೆ ಮಾರುಕಟ್ಟೆಗೆ ಬಂದೆವು. ಅವರೇಕಾಯಿ ರಾಶಿ ರಾಶಿ ಸುರಿದಿತ್ತು. “ಅರಕಲಗೂಡ್ ಕಡೆ ಕಾಯಿ, ಸೊಗಡ್ ನೋಡಕ್ಕ ಸೊಗಡು” ಎಂದು ಮಾರುವವಳು ಕೂಗುತ್ತಿದ್ದಳು. ನಮ್ಮ ಕಡೆ ಅವರೇಕಾಯಿಯನ್ನು ಮೂಸದೆ ಕೊಳ್ಳುವವರಿಲ್ಲ. ಇಬ್ಬನಿ ಕುಡಿದ ಕಾಯಿಯ ಆ ಘಮವೇ ಸೊಗಡು. ಅದಿಲ್ಲದ ಕಾಯಿ ದನಕ್ಕೆ. ಸುತ್ತ ನಿಂತವರೆಲ್ಲ ಬೊಗಸೆಯಲ್ಲಿ ಕಾಯಿ ಹಿಡಿದು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ಅಕ್ಕನೂ ಬೊಗಸೆ ತುಂಬಿಕೊಂಡಳು. ತುಂಬಿಕೊಂಡು ನನ್ನ ಮೂಗಿಗೆ ಹಿಡಿದಳು.

“ನೀನ್ ನೋಡು. ಐತಾ?”

ಅವಳಿದ್ದಾಗ ನಾನು ಯಾವತ್ತು ಮೂಸಿದ್ದೆ? ನನಗೆ ಬಂದದ್ದು ಹಸಿ ಕಾಯಿಯ ವಾಸನೆ, ಒಳ್ಳೆಯದೋ ಸಾಧಾರಣವೋ ಯಾರಿಗೆ ಗೊತ್ತು. “ಐತೆ” ಎಂದೆ, ಗಂಭೀರವಾಗಿ.

“ನಿಂಗೇನ್ ಗೊತ್ತು, ತೆಂಗಿನಕಾಯಿ!” ಎಂದವಳು ಕೈಗೆ ಅಂಟಿದ ಜಿಡ್ಡನ್ನು ಬೆರಳಲ್ಲಿ ತಿಕ್ಕಿ ನೋಡಿ, ಹುಳ ಕೊರೆದದ್ದನ್ನು ಆಚೆ ಎಸೆದು, ಚೀಲದ ತುಂಬ ಆರಿಸಿದಳು.

ಹೊಳೆನರಸೀಪುರದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಚೀಲ ನಮ್ಮ ಕಾಲ ಸಂದಿಯಲ್ಲಿ. ಬಸ್ಸಿಡೀ ಅವರೇಕಾಯಿಯ ವಾಸನೆ ತುಂಬಿತ್ತು, ಮುಂದಿನ ಸೀಟಿನವರು ತಿರುಗಿ, “ಒಳ್ಳೇ ಕಾಯಿ ಸಿಕ್ಕೈತೆ ನಿಮ್ಗೆ” ಎಂದರು. ನಾನು ಕಳ್ಳಗಣ್ಣಿನಲ್ಲಿ ಅಕ್ಕನ ಮುಖ ನೋಡಿದೆ. ಏನೂ ಇಲ್ಲ. ಅವಳು ಕಿಟಕಿಯಾಚೆ ಗದ್ದೆ ನೋಡುತ್ತ ಕೂತಿದ್ದಳು. ನನ್ನ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು. ಬೇಸರವಾಯಿತು. ಆದರೆ ಸ್ವಲ್ಪ ಹೊತ್ತಿಗೆ ಅವಳು ತೂಕಡಿಸಿ ನನ್ನ ಭುಜಕ್ಕೆ ತಲೆಯಿಟ್ಟಾಗ, ವಾಸನೆ ಬಂದರೆ ಬರಲಿ ಬರದಿದ್ದರೆ ಬಿಡಲಿ, ಅಕ್ಕ ಇದ್ದಾಳಲ್ಲ ಎನ್ನಿಸಿತು. ಆ ಭಾರ ಹಿತವಾಗಿತ್ತು.

ಮೊಸಳೆ ಹೊಸಹಳ್ಳಿ ದಾಟಿರಬೇಕು. ಅಕ್ಕ ಮುಖ ಕಿವುಚಿಕೊಂಡು ತಲೆ ಎತ್ತಿದಳು.

“ಥೂ. ತಲೆಗೇನೇ ಅಚ್ಕಂಡಿದ್ದೀಯೆ? ಕಮಟು ನಾತ!”

“ಕೊಬ್ರಿ ಎಣ್ಣೆ ಕಣಕ್ಕ. ನಮ್ ಮನೇದೆ.”

“ಯಾವ್ ಕಾಲದ್ದೇ ಅದು, ಕೆಟ್ಟು...”

ಅಷ್ಟಕ್ಕೇ ಅವಳ ಮಾತು ನಿಂತುಹೋಯಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳು ಬಗ್ಗಿ ಚೀಲದ ಕಾಯಿಯನ್ನು ಮೂಸಿದಳು, ತಲೆಯಾಡಿಸಿದಳು, ಅದರ ವಾಸನೆ ಬರಲಿಲ್ಲ. ಮತ್ತೆ ನನ್ನ ತಲೆಗೆ ಮೂಗು ಹಚ್ಚಿ ಉಸಿರೆಳೆದಳು. “ಥೂ” ಎಂದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. “ಥೂ, ಥೂ, ಏನ್ ನಾತವೇ ನಿಂದು!” ಎಂದು ಇನ್ನೂ ಒಂದು ಸಲ ಎಳೆದುಕೊಂಡಳು. ಮುಂದಿನ ಸೀಟಿನವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನು ತುರುಬು ಬಿಚ್ಚಿ, ಅವಳ ಮೂಗಿನ ಕಡೆ ತಲೆ ಬಗ್ಗಿಸಿಕೊಂಡು ಕೂತೆ.