ಹಾರವಿಲ್ಲದ ಫೋಟೊ

ತಂಗಿಯ ಮನೆಯ ಪೂಜೆಗೆಂದು ಕೊಂಡ ಮಲ್ಲಿಗೆ ಹಾರದೊಂದಿಗೆ, ಮುಲುಂಡ್ ಸ್ಟೇಷನ್ ಬಳಿಯ ಉಡುಪಿ ಹೋಟೆಲಿಗೆ ಕಾಫಿಗಾಗಿ ಹೊಕ್ಕೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ, ಹಣೆತುಂಬ ಕುಂಕುಮದ ಅಜ್ಜಿ ಕಸ್ಟಮ್ಸ್ ಅಧಿಕಾರಿಯ ಗಾಂಭೀರ್ಯದಿಂದ ಪೊಟ್ಟಣ ಬಿಚ್ಚಿಸಿದರು.

“ಹಾರ ಯಾರಿಗೆ?”

“ತಂಗಿಯ ಮನೆಯ ದೇವರಿಗೆ.”

“ಎಲ್ಲ ಹಾಗೇ ಹೇಳುದು. ಹೊರಗಿಡಿ!”

ದೇವರ ಹಾರ ಶಂಕಿತರ ಪಟ್ಟಿಗೆ ಸೇರಿ ಬಾಗಿಲಾಚೆಯ ಸ್ಟೂಲಿನ ಮೇಲೆ ಕೂತಿತು. ಆಗ ಗೋಡೆಯಲ್ಲಿ ನೌಕಾಪಡೆಯ ಸಮವಸ್ತ್ರದ ತರುಣನ ಫೋಟೊ ಕಂಡೆ. ಹೂವಿಲ್ಲ, ದೀಪವಿಲ್ಲ.

“ನಿಮ್ಮ ಯಜಮಾನರೇ?”

“ಹೌದು. ಎಪ್ಪತ್ತೊಂದರ ಯುದ್ಧಕ್ಕೆ ಹೋದವರು. ಹಡಗು ಮುಳುಗಿತು ಅಂತ ನೆಂಟರೆಲ್ಲ ಹಾರ ಹಿಡ್ಕೊಂಡು ಬರ್ತಾರೆ, ಈ ಫೋಟೊಕ್ಕೆ ಹಾಕ್ಲಿಕ್ಕೆ.” ನನ್ನನ್ನೂ ಒಮ್ಮೆ ದಿಟ್ಟಿಸಿದರು. “ಮುಳುಗಿದ್ದು ಹಡಗು ಮಾರಾಯ್ರೆ. ಇವರಿಗೆ ಈಜು ಬರ್ತದೆ.”