ಫೇಲು ಎಂಬ ಪದವಿ

ಮಾಲೂರಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ಸಂಬಳ ತೆಗೆದುಕೊಳ್ಳುವವಳು ನಾನು. ಹಾಗಿದ್ದೂ ಒಂದು ಕ್ರಿಯಾಪದ ಬಂದಾಗ ಮಾತ್ರ ಮುಖ ಗಂಟು ಹಾಕಿಕೊಳ್ಳುತ್ತೇನೆ. ಫೇಲು. ನಿಘಂಟಿನ ಪ್ರಕಾರ ಅದು ಒಂದು ಸಲ ನಡೆದು ಮುಗಿಯುವ ಸಂಗತಿ, ಎಡವಿದ ಎನ್ನುವ ಹಾಗೆ. ನಮ್ಮ ಕಡೆ ಬಂದ ಮೇಲೆ ಅದು ಮುಗಿಯುವುದನ್ನೇ ಮರೆತಿದೆ. ನೀವೇ ನೋಡಿ, ಬಸ್ಸಿನ ಬ್ರೇಕು ಫೇಲಾದರೆ ಮೆಕ್ಯಾನಿಕ್ಕು ಸರಿಮಾಡುತ್ತಾನೆ. ಬೋರ್‌ವೆಲ್ ಫೇಲಾದರೆ ಇನ್ನೊಂದು ಕಡೆ ಕೊರೆಸುತ್ತಾರೆ. ಹುಡುಗಿ ಫೇಲಾದರೆ ಮಾತ್ರ ಸಾಯುವತನಕ ಫೇಲು.

ನನ್ನ ಅಕ್ಕ ಎಸ್ಸೆಸ್ಸೆಲ್ಸಿ ಫೇಲು. ಎಪ್ಪತ್ತರ ದಶಕದಲ್ಲಿ ಮಾಸ್ತಿ ಕಡೆಯ ನಮ್ಮ ಹಳ್ಳಿಯಲ್ಲಿ ಅದೂ ಒಂದು ಪದವಿಯೇ ಆಗಿತ್ತು, ಏಳನೇ ಕ್ಲಾಸು ಪಾಸಿಗಿಂತ ಒಂದು ಮೆಟ್ಟಿಲು ಮೇಲೆ. ಮನೆಗೆ ಬಂದವರಿಗೆ ಅಪ್ಪ ಅದನ್ನು ಬಿ.ಎ. ಎನ್ನುವ ಧಾಟಿಯಲ್ಲೇ ಹೇಳುತ್ತಿದ್ದ. ಹೋಗಿದ್ದು ಇಂಗ್ಲಿಷ್ ಒಂದೇ. ಸೆಪ್ಟೆಂಬರಿನಲ್ಲಿ ಮತ್ತೆ ಕೂರುತ್ತೇನೆ ಎಂದು ಅಕ್ಕ ಅಂಗಲಾಚಿದಳು. ಈ ರೇಷ್ಮೆ ಬೆಳೆ ಮುಗಿಯಲಿ, ಕಳಿಸುತ್ತೇನೆ ಎಂದು ಅಪ್ಪ ಒಪ್ಪಿದ.

ಬೆಳೆ ಕೈಕೊಟ್ಟಿತು. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಗಬಗಬನೆ ಸೊಪ್ಪು ತಿನ್ನಬೇಕಾದ ಹುಳುಗಳು ತಟ್ಟೆಯಲ್ಲೇ ಕಪ್ಪಾಗಿ ಮೆತ್ತಗಾದವು. ಹುಳುಮನೆಯ ವಿಷಯದಲ್ಲಿ ನಮ್ಮವರಿಗೆ ಮಡಿ ಹೆಚ್ಚು. ಯಾರ ಕಣ್ಣು ಬಿತ್ತು, ಯಾರು ಕಾಲು ತೊಳೆಯದೆ ಒಳಗೆ ಹೋದರು ಎಂದು ವಿಚಾರಣೆ ನಡೆಯಲೇಬೇಕು. ಆಂಧ್ರದ ಗಡಿಯ ರಾಯಲ್ಪಾಡಿನಿಂದ ಸೊಸೆಯಾಗಿ ಬಂದು, ಕನ್ನಡಕ್ಕೆ ತೆಲುಗು ಬೆರೆಸಿ ಬೈಯುತ್ತಿದ್ದ ನಮ್ಮಜ್ಜಿಗೆ ಆ ಸಲ ಹೆಚ್ಚು ಹುಡುಕಬೇಕಾಗಲಿಲ್ಲ.

“ಫೇಲಾದ ಕೈಲಿ ಸೊಪ್ಪು ಹಾಕಿಸ್ಬೇಡ್ರೋ ಅಂತ ಮೊದ್ಲೇ ಹೇಳಿದ್ನಾ, ಲೇದಾ?”

ಹೀಗೆ ಒಂದು ಇಂಗ್ಲಿಷ್ ಪದ ನಮ್ಮ ಮನೆಯಲ್ಲಿ ಮೈಲಿಗೆಗೆ ಸೇರಿಕೊಂಡಿತು. ಅಕ್ಕನಿಗೆ ಹುಳುಮನೆಯ ಬಾಗಿಲು ಮುಚ್ಚಿತು. ಒಳ್ಳೆಯದೇ ಆಯಿತು, ಓದಲು ಹೊತ್ತು ಸಿಕ್ಕಿತು ಎಂದುಕೊಂಡೆ ನಾನು, ದಡ್ಡಿ. ಇವಳು ಇನ್ನೊಂದು ಸಲ ಫೇಲಾದರೆ ಮುಂದಿನ ಬೆಳೆಗೂ ತಗಲುತ್ತದೆ ಎಂದು ಅಪ್ಪ ಪರೀಕ್ಷೆಯೇ ಬೇಡವೆಂದ. ಮುಂದಿನ ಬೆಳೆಯೂ ಹೋಯಿತು. ಕೆಲಸಕ್ಕೆ ಒಂದು ಆಳು ಕಡಿಮೆಯಾಗಿ, ಮಳೆಯಲ್ಲಿ ನೆನೆದ ಸೊಪ್ಪನ್ನು ಅಪ್ಪನೇ ಆತುರದಲ್ಲಿ ಆರಿಸದೆ ಹಾಕಿದ್ದ. ಆಗ ಮಾತ್ರ ತಪ್ಪು ಹುಳುವಿನ ಮೊಟ್ಟೆಯದಾಯಿತು, ಮೋಡದ್ದಾಯಿತು.

“ಈ ಸಲ ನಾನು ಮುಟ್ಟಿರ್ಲಿಲ್ಲ ಕಣಪ್ಪ,” ಎಂದಳು ಅಕ್ಕ. “ಪರೀಕ್ಷೆಗಾದ್ರೂ ಕಳಿಸಬಹುದಾಗಿತ್ತು.”

ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ನನಗೆ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮರುವರ್ಷ ಅಕ್ಕನನ್ನು ಶ್ರೀನಿವಾಸಪುರದ ಕಡೆ ಕೊಟ್ಟರು. ಗಂಡೂ ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದವನೇ. ಆದರೆ ಅವರ ಮನೆಯವರು ಹೇಳಿದ್ದು, ಮಾವಿನ ತೋಟ ನೋಡಿಕೊಳ್ಳಲಿ ಅಂತ ನಾವೇ ಓದು ಬಿಡಿಸಿದೆವು ಎಂದು. ಗಂಡಸರಿಗೆ ಬೇರೆ ಕ್ರಿಯಾಪದಗಳಿವೆ.

ಈಚೆಗೆ ಜನಗಣತಿಯ ಮೇಷ್ಟರು ಬಂದಾಗ ನಾನು ಅಕ್ಕನ ಮನೆಯಲ್ಲಿದ್ದೆ. ಎಷ್ಟು ಓದಿದ್ದೀರಿ ಎಂದು ಕೇಳಿದ್ದಕ್ಕೆ ಅವಳು ಹೆಸರು ಹೇಳಿದಷ್ಟೇ ಸಲೀಸಾಗಿ ಎಸ್ಸೆಸ್ಸೆಲ್ಸಿ ಫೇಲು ಎಂದಳು. ನನಗೆ ತಡೆಯಲಾಗಲಿಲ್ಲ. ನಡುವೆ ಬಾಯಿ ಹಾಕಿ, ಒಂಬತ್ತನೇ ಕ್ಲಾಸು ಪಾಸು ಎಂದು ಬರೆಸಿಬಿಟ್ಟೆ. ಮೇಷ್ಟರು ಅತ್ತ ಹೋಗುತ್ತಲೇ ಅಕ್ಕ ನನ್ನ ಮೇಲೆ ರೇಗಿದಳು.

“ಹಂಗಂದ್ರೆ ನಾನು ಪರೀಕ್ಷೆಗೆ ಕೂತಿದ್ದೇ ಸುಳ್ಳಾಗುತ್ತಲ್ಲೇ? ಆ ಮನೇಲಿ ನನಗೋಸ್ಕರ ಅಂತ ನಾನು ಮಾಡಿದ್ದು ಅದೊಂದೇ ಕಣೇ.”

ಫೇಲಾಗಬೇಕಾದರೂ ಮೊದಲು ಹೋಗಿ ಕೂತಿರಬೇಕು. ಅಪ್ಪ ತನ್ನ ಜೀವಮಾನದಲ್ಲಿ ಯಾವ ಪರೀಕ್ಷೆಗೂ ಕೂತವನಲ್ಲ. ಅವನನ್ನು ಇದುವರೆಗೆ ಯಾರೂ ಫೇಲು ಎಂದಿಲ್ಲ.