ತೂಕ ಮತ್ತೆ ಬರೋದಿಲ್ಲ ಅಂದಿದ್ದೆ

ಆಪರೇಷನ್ ಆದ ಮರುದಿನ ನನಗೆ ನೀರು ಕೊಟ್ಟದ್ದು ಔಷಧಿ ಬಾಟಲಿಯ ಮುಚ್ಚಳದಲ್ಲಿ. ಅಷ್ಟನ್ನು ಹತ್ತು ನಿಮಿಷ ಹಿಡಿದು ಕುಡಿಯಬೇಕು. ಮೂರನೆಯ ಗುಟುಕಿಗೇ ಎದೆಯ ನಡುವೆ ಏನೋ ಅಡ್ಡ ನಿಂತಂತಾಗಿ ಮುಚ್ಚಳವನ್ನು ಅವ್ವನ ಕೈಗೆ ಕೊಟ್ಟುಬಿಟ್ಟೆ. ನನ್ನನ್ನು ನೋಡಿಕೊಳ್ಳಲೆಂದು ಕೊಕ್ಕನೂರಿನಿಂದ ದಾವಣಗೆರೆಗೆ ಬಂದಿದ್ದಳು ಅವ್ವ. ಮುಚ್ಚಳ ಹಿಡಿದುಕೊಂಡೇ ಅಂದಳು:

“ಕಾಲು ಕೆಟ್ರೆ ಕಾಲು ಕೊಯ್ಸ್ಕೊಂತಾರೆ. ಹಸಿವು ಕೊಯ್ಸ್ಕೊಂಡೋರ್ನ ಇವತ್ತೇ ನೋಡಿದ್ದು.”

ಆಗ ನನಗೆ ನಲವತ್ತೊಂದು ವರ್ಷ. ತೂಕ ನೂರಾ ಹದಿನೆಂಟು ಕೆ.ಜಿ. ದಾವಣಗೆರೆಯ ಮನೆಯಿಂದ ದಿನಾ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಹತ್ತನೆಯ ತರಗತಿ ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತಿ ಕುರ್ಚಿ ಹಿಡಿದು ನಿಂತರೆ ಉಸಿರು ಹದಕ್ಕೆ ಬರಲು ಐದು ನಿಮಿಷ ಬೇಕು. ಅಷ್ಟು ಹೊತ್ತೂ ಮಕ್ಕಳು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಬರೆಯುವವರಂತೆ ನಟಿಸುತ್ತಿದ್ದರು. ನಕ್ಕಿದ್ದರೆ ಬೈದು ಸುಮ್ಮನಾಗಬಹುದಿತ್ತು. ಅವರ ಆ ಕರುಣೆಯನ್ನು ತಡೆಯಲಾಗಲಿಲ್ಲ. ಮೊಣಕಾಲು ನೋವು, ಸಕ್ಕರೆ ಕಾಯಿಲೆ ಎಲ್ಲ ಇದ್ದವು. ಆದರೆ ಆಸ್ಪತ್ರೆಯ ಕಾಗದಕ್ಕೆ ನಾನು ಸಹಿ ಹಾಕಿದ್ದು ಆ ಐದು ನಿಮಿಷಕ್ಕಾಗಿ.

ಹೊಟ್ಟೆಯ ದೊಡ್ಡ ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಷ್ಟು ಸಣ್ಣ ಚೀಲ ಮಾಡಿ ಹೊಲಿದಿದ್ದರು. ಎರಡು ವಾರ ಬರೀ ತಿಳಿ. ಮಜ್ಜಿಗೆ ನೀರು, ಬೇಳೆಕಟ್ಟು. ಆಮೇಲೆ ಮಗುವಿಗೆ ಅರೆದುಕೊಡುವಂಥ ಊಟ. ಒಂದು ಚಮಚ ಹೆಚ್ಚಾದರೆ ವಾಂತಿ. ಮೂರು ತಿಂಗಳಿಗೆ ಬಾಚಣಿಗೆಯ ತುಂಬ ಕೂದಲು. ಆರು ತಿಂಗಳಾದಾಗ ಸಂಬಂಧಿಕರ ಮದುವೆಯಲ್ಲಿ ಅರ್ಧ ಹೋಳಿಗೆ ತಿಂದು, ಮೈಯೆಲ್ಲ ಬೆವರಿ, ಎದೆ ಹೊಡೆದುಕೊಂಡು ಹೆಣ್ಣಿನವರ ಕೋಣೆಯಲ್ಲಿ ಮಲಗಿಬಿಟ್ಟಿದ್ದೆ. ಇಷ್ಟಾದರೂ ಆ ದಿನಗಳಲ್ಲಿ ಸುಖವಾಗಿದ್ದೆ. ಹಸಿವು ಎಂಬುದೇ ನನ್ನೊಳಗೆ ಇರಲಿಲ್ಲ. ತೂಕ ತಿಂಗಳು ತಿಂಗಳಿಗೆ ಇಳಿಯುತ್ತಿತ್ತು. ಸಕ್ಕರೆ ಮಾತ್ರೆ ನಿಲ್ಲಿಸಿದರು. ಒಂದೂವರೆ ವರ್ಷಕ್ಕೆ ಎಪ್ಪತ್ತನಾಲ್ಕು ಕೆ.ಜಿ.ಗೆ ಬಂದೆ. ಮೆಟ್ಟಿಲು ಹತ್ತಿ ನೇರ ಬೋರ್ಡಿನ ಹತ್ತಿರ ಹೋಗಿ ಚಾಕ್‌ಪೀಸ್ ಹಿಡಿದ ದಿನ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತನ್ನ ಟಿಫನ್ ಡಬ್ಬಿ ಮುಚ್ಚಲು ಪುರುಸೊತ್ತಾಗದೆ ಸಿಕ್ಕಿಬಿದ್ದಳು.

ಆಸ್ಪತ್ರೆಯಲ್ಲಿ ಭಾನುವಾರ ಬೆಳಿಗ್ಗೆ ಒಂದು ಸಭೆ ನಡೆಯುತ್ತಿತ್ತು. ಆಪರೇಷನ್ ಮಾಡಿಸಿಕೊಂಡವರು, ಮಾಡಿಸಿಕೊಳ್ಳಬೇಕೆಂದಿರುವವರು ಬಂದು ಕೂರುತ್ತಿದ್ದರು. ಪಥ್ಯ ಹೇಳುವ ಮೇಡಂ ನನ್ನನ್ನು ಮಾತಾಡಲು ಕರೆದರು. ಹಳೆಯ ಫೋಟೊ ಒಂದನ್ನು ಪರದೆಯ ಮೇಲೆ ತೋರಿಸಿ, ಪಕ್ಕದಲ್ಲಿ ನನ್ನನ್ನು ನಿಲ್ಲಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮುಂದಿನ ಸಾಲಿನಲ್ಲಿ ಲೋಕಿಕೆರೆಯಿಂದ ಬಂದಿದ್ದ ಹೆಂಗಸೊಬ್ಬರು ಕೂತಿದ್ದರು. ಹೊಲ, ದನ ನೋಡಿಕೊಂಡಿದ್ದವರು. ಐವತ್ತರ ಹತ್ತಿರದ ವಯಸ್ಸು; ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಒಳಗೆ ಹೂತುಹೋಗಿತ್ತು. ನಾನು ಟೀಚರ್ ಎಂದು ತಿಳಿದು, ಹಳ್ಳಿಯಲ್ಲಿ ಮೇಡಂಗಳನ್ನು ಕರೆಯುವ ಹಾಗೆ ಅಕ್ಕಾರೆ ಎಂದೇ ಕರೆದರು.

“ಅಕ್ಕಾರೆ, ಒಂದ್ ಮಾತು ಕೇಳ್ತೀನಿ. ಹೋದ ತೂಕ ಮತ್ತೆ ಬರೋದಿಲ್ಲಲ್ರಿ?”

ಅವತ್ತು ಬೆಳಿಗ್ಗೆ ಮನೆಯಲ್ಲಿ ತೂಕ ನೋಡಿಕೊಂಡು ಬಂದಿದ್ದೆ. ಎಪ್ಪತ್ತಾರು. ಎರಡು ಕೆ.ಜಿ. ಏರಿತ್ತು. ಅದು ನನಗೊಬ್ಬಳಿಗೇ ಗೊತ್ತಿತ್ತು.

“ಬರೋದಿಲ್ರಿ,” ಎಂದೆ. “ಎಲ್ಲ ನಮ್ಮ ಕೈಯಾಗೇ ಐತೆ.”

ಮುಂದಿನ ತಿಂಗಳೇ ಅವರು ಆಪರೇಷನ್ ಮಾಡಿಸಿಕೊಂಡರೆಂದು ಪಥ್ಯದ ಮೇಡಂ ಖುಷಿಯಿಂದ ಹೇಳಿದರು.

ಮೂರನೆಯ ವರ್ಷ ಒಂದು ದಿನ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಬಿಸಿಯೂಟದ ಅಡುಗೆಮನೆಯಿಂದ ಸಾರಿಗೆ ಒಗ್ಗರಣೆ ಹಾಕಿದ ವಾಸನೆ ಬಂತು. ನನ್ನ ಹೊಟ್ಟೆ ಗುರ್ ಎಂದಿತು. ಪಕ್ಕದಲ್ಲಿದ್ದ ವಿಜ್ಞಾನದ ಮೇಡಂ ಕೂಡ ಕೇಳಿಸಿಕೊಂಡು ನಕ್ಕರು. ನಾನು ಕೆಂಪು ಪೆನ್ನು ಕೆಳಗಿಟ್ಟು ಹಾಗೇ ಕೂತೆ. ಎರಡೂವರೆ ವರ್ಷದಿಂದ ಕೇಳದಿದ್ದ ಸದ್ದು ಅದು. ನನಗೆ ಭಯವಾಯಿತು.

ಸುಳ್ಳು ಹೇಳುವುದಿಲ್ಲ, ನಾನು ತಿಂದೆ. ಚಪಾತಿ ಒಂದಕ್ಕಿಂತ ಹೆಚ್ಚು ಇಳಿಯುತ್ತಿರಲಿಲ್ಲ. ಆದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತು ಎಷ್ಟಾದರೂ ಇಳಿಯುತ್ತಿತ್ತು. ಶಾಲೆ ಬಿಟ್ಟು ಬರುವಾಗ ಬಸ್ಸಿನಲ್ಲಿ ಒಂದೊಂದೇ ಹಿಡಿ ಮಂಡಕ್ಕಿ, ದಾವಣಗೆರೆ ಬರುವಷ್ಟರಲ್ಲಿ ಪೊಟ್ಟಣ ಖಾಲಿ. ತಪ್ಪಿದ ಮೇಲೆ ತಿದ್ದಿಕೊಂಡೆ. ಮೊದಲು ಮೊಳಕೆಕಾಳು, ಪನೀರು, ಆಮೇಲೆ ಅನ್ನ. ಊಟದ ಜೊತೆ ನೀರಿಲ್ಲ. ಸಂಜೆ ತುಂಗಭದ್ರೆಯ ದಂಡೆಯ ಕಡೆಗೆ ಒಂದು ನಡಿಗೆ, ಆಮೇಲೇ ಬಸ್ಸು. ಎರಡು ತಿಂಗಳಿಗೆ ಮೂರು ಕೆ.ಜಿ. ಇಳಿಯಿತು. ಪರೀಕ್ಷೆಯ ಕೆಲಸ ಬಂದು ನಡಿಗೆ ತಪ್ಪಿತು, ಐದು ಏರಿತು. ಹೀಗೆಯೇ ಎಂಬತ್ತೈದು, ತೊಂಬತ್ತು. ಹಿಂದೆ “ಏನ್ ಮಾಡಿದ್ರಿ ಮೇಡಂ” ಎಂದು ಕೇಳುತ್ತಿದ್ದವರು ಕೇಳುವುದನ್ನು ಬಿಟ್ಟರು. ಭಾನುವಾರದ ಸಭೆಗೆ ಹೋಗುವುದನ್ನು ನಾನೂ ಬಿಟ್ಟೆ.

ಕೊನೆಗೆ ಡಾಕ್ಟರ ಹತ್ತಿರ ಹೋದೆ. ಅವರು ಬೈಯಲಿಲ್ಲ.

“ನಿಮ್ಮೊಬ್ಬರ್ದೇ ತಪ್ಪು ಅಂತ ತಿಳ್ಕೋಬ್ಯಾಡ್ರಿ. ಚೀಲ ಸ್ವಲ್ಪ ಹಿಗ್ಗೈತೆ. ದೇಹನೂ ಹಳೇ ತೂಕಕ್ಕೆ ವಾಪಸ್ ಹೋಗಾಕೇ ನೋಡ್ತೈತೆ.”

ಹಸಿವು ತಗ್ಗಿಸುವ ಇಂಜೆಕ್ಷನ್ ಬರೆದುಕೊಟ್ಟರು. ಅದನ್ನು ತೆಗೆದುಕೊಂಡಷ್ಟು ದಿನ ಓಕರಿಕೆ. ಪಾಠದ ನಡುವೆ ಎರಡು ಸಲ ಹೊರಗೆ ಓಡಿದೆ. ಮೂರು ತಿಂಗಳಿಗೆ ಬಿಟ್ಟೆ. ಇಳಿದಿದ್ದ ಐದು ಕೆ.ಜಿ. ತಿರುಗಿ ಬಂತು. ಇನ್ನೊಂದು ಆಪರೇಷನ್ನೂ ಮಾಡಬಹುದು, ಯೋಚನೆ ಮಾಡಿ ಎಂದರು. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರು, ಮಾತು ಕಡಿಮೆ. ನಾನು ಇಳಿದಾಗಲೂ ಏರಿದಾಗಲೂ ಏನೂ ಅಂದವರಲ್ಲ. ಅವತ್ತು ಉಂಡ ಕೈ ಒಣಗುವವರೆಗೂ ತಟ್ಟೆಯ ಮುಂದೆಯೇ ಕೂತಿದ್ದರು.

“ಬ್ಯಾಡ. ಆ ಥೇಟರಿನ ಹೊರಗ ಬೆಂಚಿನ ಮ್ಯಾಲೆ ನಾನು ಇನ್ನೊಂದ್ ಸಲ ಕೂಡಲಾರೆ.”

ಕಳೆದ ವರ್ಷ ಅದೇ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಡಲು ಕೂತಿದ್ದೆ. ಎದುರಿನ ಬಾಗಿಲಿನಿಂದ ಲೋಕಿಕೆರೆಯ ಆ ಹೆಂಗಸು ಗೋಡೆ ಹಿಡಿದುಕೊಂಡು ಬಂದರು. ಮುಖ ನೋಡಿ ಗುರುತು ಹಿಡಿದರು. ಆಮೇಲೆ ನನ್ನ ಸೊಂಟ ನೋಡಿದರು. ನಾನೂ ಅವರನ್ನು ಹಾಗೆಯೇ ನೋಡಿದೆ. ಪಕ್ಕದಲ್ಲಿ ಕೂತು ಎಲ್ಲ ಹೇಳಿದರು. ಮೊದಲ ವರ್ಷ ಪೂರ್ತಿ ವಾಂತಿ. ವಿಟಮಿನ್ ಮಾತ್ರೆ ತಪ್ಪಿಸಿ ಮೈಯಲ್ಲಿ ಬಿ ಟ್ವೆಲ್ವ್ ಇಲ್ಲದಂತಾಗಿ ಈಗ ಪಾದ ಜುಮುಗುಟ್ಟಿ ನೆಲ ತಿಳಿಯುವುದಿಲ್ಲ. ಅಷ್ಟೆಲ್ಲ ಕಷ್ಟಪಟ್ಟು ಇಳಿಸಿದ್ದು ಮುಕ್ಕಾಲು ಭಾಗ ವಾಪಸಾಗಿದೆ.

“ನೀವು ಬರೋದಿಲ್ಲ ಅಂದಿದ್ರಲ್ರೀ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಅವತ್ತೇ ನಂದು ಎರಡು ಕೆ.ಜಿ. ಏರಿತ್ರಿ. ನಿಮಗೆ ಹೇಳ್ಲಿಲ್ಲ,” ಎಂದೆ.

“ಹೌದಾ,” ಎಂದರು. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು. ರಕ್ತ ಕೊಟ್ಟು ಬಂದು ಅವರ ಫೋನ್ ನಂಬರ್ ಕೇಳಿದೆ. ಕೊಟ್ಟರು.

ಅದೇ ವಾರ ಪಥ್ಯದ ಮೇಡಂ ಹತ್ತಿರ ಹೋಗಿ, ಭಾನುವಾರದ ಸಭೆಯಲ್ಲಿ ಇನ್ನೊಮ್ಮೆ ಮಾತಾಡುತ್ತೇನೆ, ಆದದ್ದೆಲ್ಲ ಹೇಳುತ್ತೇನೆ ಎಂದೆ. ಅವರು ನನ್ನ ಕೈ ಹಿಡಿದುಕೊಂಡು, “ಹೊಸಬ್ರು ಬಂದಿರ್ತಾರೆ ಮೇಡಂ, ಹೆದ್ರಿಬಿಡ್ತಾರೆ. ಸ್ವಲ್ಪ ಇಳಿಸ್ಕೊಂಡ್ ಬರ್ರಿ, ಆಮ್ಯಾಲೆ ನೋಡಾಣ,” ಎಂದರು. ಒಳ್ಳೆಯ ಹೆಂಗಸು. ನಾನೇ ಅವರ ಜಾಗದಲ್ಲಿದ್ದರೂ ಹಾಗೆಯೇ ಹೇಳುತ್ತಿದ್ದೆನೇನೋ.

ಈಗ ನಾನು ನೂರಾ ನಾಲ್ಕು. ಸಕ್ಕರೆ ಮಾತ್ರೆ ಮತ್ತೆ ಶುರುವಾಗಿದೆ. ಈ ವರ್ಷ ಹತ್ತನೆಯ ತರಗತಿಯನ್ನು ಬೇರೆಯವರಿಗೆ ಕೊಟ್ಟು, ನನಗೆ ಕೆಳಗಿನ ಎಂಟನೆಯ ತರಗತಿ ಕೊಟ್ಟಿದ್ದಾರೆ. ನಾನು ಕೇಳಿರಲಿಲ್ಲ. ಬೇಡವೆನ್ನಲೂ ಇಲ್ಲ.

ಹೋದ ಭಾನುವಾರ ಲೋಕಿಕೆರೆಗೆ ಫೋನ್ ಮಾಡಿದೆ. ಸಭೆಯಲ್ಲಿ ಮಾತಾಡಲು ಬಿಡಲಿಲ್ಲ ಎಂದು ಕೊನೆಗೂ ಹೇಳಿದೆ.

“ಬಿಡ್ರಿ ಅಕ್ಕಾರೆ,” ಎಂದರು. “ಅವತ್ತು ನೀವು ಹಂಗ ಹೇಳದಿದ್ರೂ ನಾನು ಆಪರೇಷನ್ ಮಾಡಿಸ್ಕೊಂತಿದ್ದೆ.”

ನನ್ನ ಸಮಾಧಾನಕ್ಕೆ ಅಂದರೋ, ನಿಜವೋ, ತಿಳಿಯಲಿಲ್ಲ. ತೂಕ ಎಷ್ಟೈತೆ ಎಂದು ಕೇಳಿದರು. ಹೇಳಿದೆ. ಅವರೂ ತಮ್ಮದು ಹೇಳಿದರು. ಎಮ್ಮೆ ಹಿಂಡುವ ಹೊತ್ತಾಯಿತೆಂದು ಫೋನ್ ಇಟ್ಟರು.